ಹಾಲುಕ್ಕಿದ ಮನೆ

ಮೊಟ್ಟೆಯ ಸಿಪ್ಪೆಯಿಂದ ಒಂದು ಸಂಸಾರ ಬೀದಿಗೆ ಬೀಳುತ್ತದೆ ಅಂದರೆ ನಂಬುತ್ತೀರಾ? ದೆಹಲಿಯಲ್ಲಿ ಬಾಡಿಗೆಗೆ ಇದ್ದವರು ನಂಬುತ್ತಾರೆ. ಪಾಲಂನಲ್ಲಿ ಸುಮಿತ್ರಾ ಇದ್ದ ಮನೆಯ ಮಾಲೀಕ ಕಸದ ಬಕೆಟ್ಟಿನಲ್ಲಿ ಸಿಪ್ಪೆ ಕಂಡ. ಸೌತ್ ಇಂಡಿಯನ್ ಅಂದರೆ ಪ್ಯೂರ್ ವೆಜ್ ಎಂದು ನಂಬಿ ಮನೆ ಕೊಟ್ಟಿದ್ದನಂತೆ. ತಿಂಗಳೊಳಗೆ ಖಾಲಿ ಮಾಡಿ ಅಂದ.

ಆ ತಿಂಗಳು ಸುಮಿತ್ರಾ ಹತ್ತದ ಮೆಟ್ಟಿಲಿಲ್ಲ. ಅವಳು ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಅದೇ ಬಿಳಿ ಬಟ್ಟೆಯಲ್ಲಿ ಮನೆ ನೋಡಲು ಓಡುತ್ತಿದ್ದಳು. ಗಂಡ ಸೋಮಶೇಖರ ಕೇಂದ್ರ ಸರ್ಕಾರದ ಗುಮಾಸ್ತ. ಕ್ವಾರ್ಟರ್ಸಿಗೆ ಅವನ ಸರದಿ ಇನ್ನೂ ಬಂದಿರಲಿಲ್ಲ. ಜಗಳವೆಂದರೆ ಮಾರು ದೂರ ಹಾರುವ ಜೀವ. ಒಬ್ಬ ಮಾಲೀಕ, ನೈಟ್ ಡ್ಯೂಟಿಯ ಹೆಂಗಸು ಬೇಡ ಅಂದ. ಇನ್ನೊಬ್ಬ ಸರ್‌ನೇಮ್ ಕೇಳಿದ. ನಮ್ಮ ಕಡೆ ಸರ್‌ನೇಮ್ ಇರುವುದಿಲ್ಲ ಅಂದದ್ದಕ್ಕೆ, ಕಳ್ಳರನ್ನು ನೋಡುವ ಹಾಗೆ ನೋಡಿ ಬಾಗಿಲು ಹಾಕಿಕೊಂಡ.

ಕೊನೆಗೆ ಬ್ರೋಕರ್ ಕಿಶನ್ ಹಲ್ಲು ಕಿರಿಯುತ್ತಾ ಬಂದ. "ಮೇಡಂ, ದ್ವಾರಕಾದಲ್ಲಿ ಸೊಸೈಟಿ ಫ್ಲ್ಯಾಟ್. ಮಾಲಿಕ್ ಆಪ್ ಕೇ ಹೀ ಲೋಗ್ ಹೈಂ, ಕರ್ನಾಟಕ ವಾಲೇ!"

ನಮ್ಮವರೇ! ಸುಮಿತ್ರಾ ಅವತ್ತೇ ಗಂಡನನ್ನು ಕರೆದುಕೊಂಡು ಹೊರಟಳು. ಮಾಲೀಕ ದಕ್ಷಿಣಾಮೂರ್ತಿ ರಿಟೈರಾದ ಅಧಿಕಾರಿ; ಎರಡನೇ ಮಹಡಿಯಲ್ಲಿ ಅಕ್ಕಪಕ್ಕದ ಎರಡು ಫ್ಲ್ಯಾಟ್ ಅವರದೇ. "ಸೋಮಶೇಖರ ಅಂದ್ರಾ? ಸಂತೋಷ ಕಣ್ರೀ. ನಮ್ಮ ಜನ ಪಕ್ಕದಲ್ಲಿದ್ದರೆ ನಮಗೂ ಧೈರ್ಯ" ಅಂದರು. ಬೇರೇನೂ ಕೇಳಲಿಲ್ಲ. ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿ ಕೀ ಕೊಟ್ಟರು. ಊರುಕೇರಿಯ ಹೆಸರಿನಲ್ಲಿ ಹಿಂದಿಯವರಿಗೆ ಓದಲು ಬಾರದ ಅಕ್ಷರವನ್ನು ಕನ್ನಡದವರು ಕಣ್ಣುಮುಚ್ಚಿ ಓದುತ್ತಾರೆ ಎಂಬುದನ್ನು ಸುಮಿತ್ರಾ ಆ ಸಂತೋಷದಲ್ಲಿ ಮರೆತೇಬಿಟ್ಟಳು.

ಭಾನುವಾರ ಬೆಳಿಗ್ಗೆ ಸಾಮಾನಿನ ಟೆಂಪೋ ಕೆಳಗೆ ನಿಂತಿತು. ಪಾಲಂ ಮನೆಗೆ ಆಗಲೇ ಬೇರೆಯವರು ಬಂದಿದ್ದರು, ಹಿಂದಿರುಗಲು ಜಾಗವಿರಲಿಲ್ಲ. ಸುಮಿತ್ರಾ ಮೊದಲು ಒಲೆ ಹೂಡಿ ಹಾಲಿಟ್ಟಳು. ಮಾಲೀಕರ ಹೆಂಡತಿ ಸುಶೀಲಮ್ಮ ಕುಂಕುಮದ ಬಟ್ಟಲು ಹಿಡಿದು ನಗುತ್ತಾ ಬಂದರು.

"ನೋಡು, ಪೂರ್ವಕ್ಕೇ ಉಕ್ಕಿತು! ಒಳ್ಳೇದಾಗತ್ತೆ ಕಣಮ್ಮಾ. ಊರು ಯಾವುದು?"

"ಮಳವಳ್ಳಿ ಹತ್ರ ಹಳ್ಳಿ, ಅಮ್ಮಾ." ಹಳ್ಳಿಯ ಹೆಸರನ್ನೂ ಹೇಳಿದಳು.

"ಅಯ್ಯೋ, ನಮ್ಮಕ್ಕನ್ನ ಅಲ್ಲಿಗೇ ಕೊಟ್ಟಿತ್ತು! ಯಾವ ಬೀದಿ? ದೇವಸ್ಥಾನದ ಬೀದೀನಾ?"

"ಅಲ್ಲಮ್ಮಾ. ಕೆರೆ ಕೋಡಿ ಕಡೆ."

"ಕೋಡಿ ಹತ್ರ ಮನೆಗಳೆಲ್ಲಿವೆ? ಅದರಾಚೆಗೆ ಇರೋದು..." ಸುಶೀಲಮ್ಮ ಒಂದು ಹೆಜ್ಜೆ ಹಿಂದೆ ಸರಿದರು.

"ಹೌದಮ್ಮಾ. ಅದೇ ಕೇರಿ."

ಸುಳ್ಳು ಹೇಳಬಹುದಿತ್ತು. ಆದರೆ ಯಾಕೆ ಹೇಳಬೇಕು? ಸುಶೀಲಮ್ಮ ಕುಂಕುಮ ಕೊಡಲಿಲ್ಲ. ಬಟ್ಟಲನ್ನು ಸೆರಗಿನೊಳಗೆ ಹಿಡಿದುಕೊಂಡು ಹೊರಟುಹೋದರು.

ಸ್ವಲ್ಪ ಹೊತ್ತಿಗೆ ದಕ್ಷಿಣಾಮೂರ್ತಿ ಸೋಮಶೇಖರನನ್ನು ಬಾಗಿಲಾಚೆ ಕರೆದು ಪಿಸುಗುಟ್ಟಿದರು. "ತಪ್ಪು ತಿಳ್ಕೋಬೇಡಿ. ಹೆಸರು ಕೇಳಿ ಲಿಂಗಾಯತರು ಅಂದ್ಕೊಂಡ್ವಿ. ನನಗೇನೂ ಇಲ್ಲಾ ರೀ, ಆಫೀಸಲ್ಲಿ ಎಲ್ಲರ ಜೊತೆ ಊಟ ಮಾಡಿದವನು ನಾನು. ಮನೆಯವಳದು ಮಡಿ. ನಡುವೆ ಇರೋದು ಒಂದೇ ಗೋಡೆ. ಅಡ್ವಾನ್ಸ್ ವಾಪಸ್ ಕೊಡ್ತೀನಿ, ಕೀ ಕೊಟ್ಬಿಡಿ."

ಸೋಮಶೇಖರನ ಕೈ ಜೇಬಿಗೆ ಹೋಯಿತು. ಕೇಳಿದ್ದನ್ನು ಕೊಟ್ಟುಬಿಡುವುದೊಂದೇ ಆ ಕೈಗೆ ಅಭ್ಯಾಸ. ಸುಮಿತ್ರಾ ಓಡಿ ಬಂದು ಕೀ ಕಿತ್ತುಕೊಂಡಳು.

"ಎಲ್ಲಿಗೆ ಹೋಗೋಣ ಸಾರ್? ಟೆಂಪೋದಲ್ಲೇ ಸಂಸಾರ ಮಾಡೋಣವಾ?"

ದನಿ ಏರಿತು. ಎದುರು ಮನೆಯ ವಿಮಲಾ ಬಾಗಿಲು ತೆರೆದಳು. ಸೊಸೈಟಿಯ ಸೆಕ್ರೆಟರಿ ರಘುನಂದನ್ ಮೆಟ್ಟಿಲೇರಿ ಬಂದ. ಇಬ್ಬರೂ ಉತ್ತರದವರು, ಕನ್ನಡ ತಿಳಿಯದವರು. "ಕ್ಯಾ ಹುವಾ, ಮೂರ್ತಿ ಸಾಬ್?" ಎಂದು ರಘುನಂದನ್ ಕೇಳಿದ.

ದಕ್ಷಿಣಾಮೂರ್ತಿ ನಕ್ಕರು. "ಕುಛ್ ನಹೀ ಜೀ. ಬೇಟಾ ಮಾನೇಸರ್ ಸೇ ಆ ರಹಾ ಹೈ. ಫ್ಲ್ಯಾಟ್ ಉಸಕೇ ಲಿಯೇ ಚಾಹಿಯೇ."

ಕನ್ನಡದಲ್ಲಿ ಮಡಿ, ಹಿಂದಿಯಲ್ಲಿ ಮನೆ ಬೇಕಾದ ಮಗ! ಒಂದೇ ಬಾಯಿ.

"ಮಕಾನ್ ಉನಕಾ, ಮರ್ಜಿ ಉನಕೀ" ಎಂದು ರಘುನಂದನ್ ಎಲ್ಲವನ್ನೂ ಮಾಲೀಕರ ಇಷ್ಟಕ್ಕೇ ಬಿಟ್ಟು ಕೈ ತೊಳೆದುಕೊಂಡ.

"ಸಾರ್," ಸುಮಿತ್ರಾ ಕೀಯನ್ನು ಮುಷ್ಟಿಯಲ್ಲಿ ಹಿಡಿದು ಮುಂದೆ ಬಂದಳು. "ನಮ್ಮೆಜಮಾನರಿಗೆ ಹೇಳಿದ್ದನ್ನ ಇವರಿಗೂ ಹೇಳಿ. ಹಿಂದಿಯಲ್ಲಿ ಹೇಳಿ."

ದಕ್ಷಿಣಾಮೂರ್ತಿ ಕನ್ನಡಕ ತೆಗೆದು ಒರೆಸತೊಡಗಿದರು.

ಸುಮಿತ್ರಾಳ ಮಗಳು ಅನನ್ಯಾ ಹಿಂದೆ ನಿಂತಿದ್ದಳು. ದೆಹಲಿಯಲ್ಲೇ ಬೆಳೆದ, ಕಾಲೇಜಿಗೆ ಹೋಗುವ ಹುಡುಗಿ. ಕನ್ನಡ ಆಡುವುದು ಕಷ್ಟ, ಆದರೆ ಒಂದಕ್ಷರ ಬಿಡದೆ ತಿಳಿಯುತ್ತದೆ.

"ಮೈಂ ಬತಾತೀ ಹೂಂ," ಅವಳು ಗಟ್ಟಿಯಾಗಿ ಅಂದಳು. "ಹಮ್ ದಲಿತ್ ಹೈಂ. ಇಸಲಿಯೇ ನಿಕಾಲ್ ರಹೇ ಹೈಂ. ಬೇಟಾ ವೇಟಾ ಕೋಯಿ ನಹೀ ಆ ರಹಾ."

ದಲಿತರಾದ್ದಕ್ಕೇ ಓಡಿಸುತ್ತಿದ್ದಾರೆ, ಮಗ ಬರುವುದು ಸುಳ್ಳು ಎಂದುಬಿಟ್ಟಳು. ದಲಿತರೆಂಬ ಮಾತನ್ನು ಹೊರಗೆ ಆಡಬಾರದೆಂದು ಅವಳಿಗೆ ಚಿಕ್ಕಂದಿನಿಂದ ಕಲಿಸಿದವಳೇ ಸುಮಿತ್ರಾ. ಇವತ್ತು ತಡೆಯಲಿಲ್ಲ. ವಿಮಲಾ ಬಾಯಿಗೆ ಕೈಯಿಟ್ಟುಕೊಂಡಳು. ರಘುನಂದನ್ ಗೋಡೆ ನೋಡಿದ. ಅಯ್ಯೋ, ಒಬ್ಬರಾದರೂ ಇದು ತಪ್ಪು ಅನ್ನಬಾರದಿತ್ತೇ?

ಸೋಮಶೇಖರ ಮಗಳನ್ನೇ ನೋಡುತ್ತಿದ್ದ. ಆಮೇಲೆ ಮೆಟ್ಟಿಲ ಬಳಿ ಬಗ್ಗಿ, ಸಾಮಾನು ಮೇಲಕ್ಕೆ ತರುವಂತೆ ಟೆಂಪೋದವನಿಗೆ, ಅವನ ಬಾಯಿಂದ ಯಾರೂ ಕೇಳಿರದಷ್ಟು ದೊಡ್ಡ ದನಿಯಲ್ಲಿ ಕೂಗಿದ.

"ಭಯ್ಯಾ! ಸಾಮಾನ್ ಊಪರ್ ಲಾವೋ!"

"ಏನ್ರೀ ಇದು! ನಾನು ಕೇಸ್ ಹಾಕ್ತೀನಿ" ಅಂದರು ದಕ್ಷಿಣಾಮೂರ್ತಿ.

"ಹಾಕಿ ಸಾರ್. ಕರಾರಿನಲ್ಲಿ ನಿಮ್ಮ ಸಹಿ ಇದೆ," ಅಂದಳು ಸುಮಿತ್ರಾ. "ಯಾಕೆ ಬಿಡಿಸ್ತಿದೀರಿ ಅಂತ ಕೋರ್ಟಿನಲ್ಲೂ ಕೇಳ್ತಾರೆ. ಅಲ್ಲಿ ಹೇಳೋ ಕಾರಣಾನ ಈಗಲೇ ಯೋಚನೆ ಮಾಡಿಟ್ಕೊಳ್ಳಿ."