ಪಕ್ಕದ ಮನೆಯ ಮಾತ್ರೆ

ಫೂತ್ಯಾನನ ಬಲಗಾಲಿನ ಹೆಬ್ಬೆರಳು ಮತ್ತೆ ಕೆಂಪಗೆ ಊದಿಕೊಂಡಿತ್ತು. ಕಡಲಿನಲ್ಲಿ ಸಿಂಪಿ ಸಾಕುವವನು ಅವನು. ದಿನವೂ ಸೊಂಟದ ತನಕ ನೀರಿನಲ್ಲಿ ನಿಲ್ಲುತ್ತಿದ್ದವನಿಗೆ ಈಗ ಚಪ್ಪಲಿಯೊಳಗೂ ಕಾಲು ತೂರುತ್ತಿರಲಿಲ್ಲ.

ಪಕ್ಕದ ಮನೆಯ ಆಶಿಂಗ್ ಬಂದು ನಕ್ಕ. "ಏನಯ್ಯಾ, ಬಿಯರ್ ಇಳಿದಿದ್ದು ಹೊಟ್ಟೆಗೆ, ಊದಿದ್ದು ಬೆರಳಾ?"

"ನಗು, ನಗು. ಹೋದ ವರ್ಷ ನೀನೂ ಹೀಗೇ ಕುಂಟ್ತಿದ್ದೆ."

"ಕುಂಟ್ತಿದ್ದೆ. ಈಗ ನೋಡು! ಯೂರಿಕ್ ಆಸಿಡ್ ಇಳಿಸೋ ಮಾತ್ರೆ ನುಂಗ್ತಿದೀನಿ. ನಂಗೇನಾದ್ರೂ ಆಗಿದ್ಯಾ? ತಗೋ, ಹೆಚ್ಚಿಗೆ ಇದೆ. ಆಸ್ಪತ್ರೇಲಿ ಕೂತು ದಿನ ಹಾಳು ಮಾಡ್ಕೋಬೇಡ."

ತೈವಾನಿನ ಆ ಕಡಲೂರಿನಲ್ಲಿ ಹಿತ್ತಲ ಹೂಕೋಸು ಕೊಟ್ಟಷ್ಟೇ ಸಲೀಸಾಗಿ ಮಾತ್ರೆಯನ್ನೂ ಕೊಡುವುದು ರೂಢಿ. ಫೂತ್ಯಾನನ ಹೆಂಡತಿ ಶೂಯಿಂಗ್ ಬದಲಿಗೆ ಆಗತಾನೇ ಬಿಡಿಸಿದ ಸಿಂಪಿಯನ್ನು ಚೀಲದಲ್ಲಿ ತುಂಬಿಕೊಟ್ಟಳು.

ಅವರ ಮಗಳು ಸೂಚಿನ್ ಅಲ್ಲೇ ಕೂತು ಸಿಂಪಿ ಬಿಡಿಸುತ್ತಿದ್ದಳು. ಓದು ಅರ್ಧಕ್ಕೇ ಬಿಟ್ಟ ಹುಡುಗಿ. ಮಾತು ಕಡಿಮೆ, ಕಣ್ಣು ಚುರುಕು. ಎಲ್ಲವನ್ನೂ ನೋಡಿದಳು.

ಬೆರಳಿನ ನೋವು ಇಳಿಯಿತು. ಫೂತ್ಯಾನ್ ಮಾತ್ರೆ ಬಿಡಲಿಲ್ಲ. ಕೆಲವು ವಾರ ಕಳೆಯುವಷ್ಟರಲ್ಲಿ ಜ್ವರ ಬಂತು. ಗಂಟಲು ಕಟ್ಟಿತು, ಕಣ್ಣು ಕೆಂಪಾಯಿತು. ಕಡಲ ಗಾಳಿಯ ನೆಗಡಿ ಎಂದುಕೊಂಡರು. ಆಮೇಲೆ ಎದೆಯ ಮೇಲೆ ಕೆಂಪು ಕಲೆಗಳು ಎದ್ದವು.

ಶೂಯಿಂಗ್‌ಗೆ ಸಮಾಧಾನವೇ ಆಯಿತು. "ಒಳ್ಳೇದಾಯ್ತು ಬಿಡು! ಬೆರಳಲ್ಲಿದ್ದ ವಿಷ ಹೊರಗೆ ಬರ್ತಿದೆ. ನಮ್ಮಮ್ಮ ಹೇಳ್ತಿದ್ಲು, ದಡಾರ ಮೈಮೇಲೆ ಎದ್ರೆ ಮಗು ಗೆದ್ದಂಗೆ, ಒಳಗೇ ಕೂತ್ರೆ ಕಷ್ಟ ಅಂತ. ಮಾತ್ರೆ ಮಾತ್ರ ನಿಲ್ಲಿಸ್ಬಾರ್ದು."

ಮರುದಿನ ಬೆಳಿಗ್ಗೆ ಸೂಚಿನ್ ತಂದೆಗೆ ಗಂಜಿ ಕುಡಿಸಲು ಹೋದಳು. ಚಮಚ ತಾಗಿದ್ದೇ ತಡ, ತುಟಿಯ ಮೇಲಿನ ಗುಳ್ಳೆ ಒಡೆಯಿತು. ಗಂಜಿಯಲ್ಲಿ ರಕ್ತ. ಬಾಯೊಳಗೆಲ್ಲ ಹುಣ್ಣು. ಎದೆಯ ಕಲೆಗಳ ನಡುಭಾಗ ಕಪ್ಪಾಗಿ ನೀರು ತುಂಬಿಕೊಂಡಿತ್ತು. ರೆಪ್ಪೆಗಳು ಅಂಟಿಕೊಂಡಿದ್ದವು.

"ಬಟ್ಟೆ ತಾಗಿಸ್ಬೇಡ ಮಗಾ," ಎಂದು ಅವನು ನರಳಿದ. "ಬೆಂಕಿ ಇಟ್ಟಂಗೆ ಉರೀತಿದೆ."

ಅಷ್ಟರಲ್ಲಿ ತಾಯಿ ನೀರು, ಮಾತ್ರೆ ಹಿಡಿದು ಬಂದಳು. ಸೂಚಿನ್ ಗಂಜಿಯ ಬಟ್ಟಲು ಕೆಳಗಿಟ್ಟಳು. ಎದ್ದು ಅಡ್ಡ ನಿಂತಳು.

"ಅಮ್ಮಾ, ಕೊಡಬೇಡ!"

"ಆಕಡೆ ಸರ್ಕೊಳ್ಳೇ. ಶಾಲೆ ಬಿಟ್ಟೋಳು, ಡಾಕ್ಟ್ರಾಗ್ಬಿಟ್ಯಾ?"

"ನಾನು ಡಾಕ್ಟ್ರಲ್ಲ. ನೀನೂ ಅಲ್ಲ. ಆಶಿಂಗ್ ಚಿಕ್ಕಪ್ಪನೂ ಅಲ್ಲ. ವಿಷ ಹೊರಗೆ ಹೋಗ್ತಿದ್ರೆ ಅಪ್ಪ ಹಗುರಾಗ್ಬೇಕಿತ್ತಲ್ಲಮ್ಮ? ದಿನದಿನಕ್ಕೂ ಕೆಡ್ತಿದಾರೆ. ಕಣ್ಣು ಬಿಡೋಕೂ ಆಗ್ತಿಲ್ಲ, ನೋಡು!"

ಮಾತ್ರೆಗಳಿದ್ದ ತಗಡಿನ ಪಟ್ಟಿಯನ್ನು ಕಿತ್ತುಕೊಂಡು ಅವಳು ಬೀದಿಗೆ ಓಡಿದಳು. ಗುಡಿಯ ಅಂಗಳದಲ್ಲಿ ಆರೋಗ್ಯ ಕೇಂದ್ರದ ನರ್ಸ್ ಲ್ಯಾವ್ ವಯಸ್ಸಾದವರ ಬಿಪಿ ನೋಡುತ್ತಿದ್ದಳು. ಸೂಚಿನ್ ಅವಳ ಕೈ ಹಿಡಿದು ಮನೆಗೆ ಎಳೆದುಕೊಂಡೇ ಬಂದಳು.

ಲ್ಯಾವ್ ಫೂತ್ಯಾನನ ಬಾಯಿ, ಕಣ್ಣು ನೋಡಿದಳು. "ಹೊಸದಾಗಿ ಯಾವ ಔಷಧಿ ತಗೊಂಡ್ರು?"

"ಯಾವುದೂ ಇಲ್ಲ. ಡಾಕ್ಟ್ರ ಹತ್ರಾನೇ ಹೋಗಿಲ್ಲ," ಎಂದಳು ಶೂಯಿಂಗ್. ಸುಳ್ಳು ಹೇಳಬೇಕೆಂದಲ್ಲ. ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟದ್ದು ಅವಳ ಲೆಕ್ಕದಲ್ಲಿ ಔಷಧಿಯೇ ಆಗಿರಲಿಲ್ಲ.

ಸೂಚಿನ್ ಮುಷ್ಟಿ ಬಿಚ್ಚಿ ಪಟ್ಟಿ ತೋರಿಸಿದಳು. ಲ್ಯಾವ್ ಅದನ್ನು ಓದಿದವಳೇ ಆಂಬುಲೆನ್ಸಿಗೆ ಫೋನ್ ಮಾಡಿದಳು.

"ಇದು ಔಷಧಿ ಅಲರ್ಜಿ ಇರ್ಬೇಕು ಅಕ್ಕ. ಇನ್ನೊಂದು ಮಾತ್ರೆನೂ ಒಳಗೆ ಹೋಗ್ಬಾರ್ದು."

"ಆಶಿಂಗ್ ದಿನಾ ನುಂಗ್ತಾನಲ್ಲ, ಅವ್ನಿಗೇನೂ ಆಗ್ಲಿಲ್ಲ!"

"ಅವನ ಮೈ ಬೇರೆ, ಇವರ ಮೈ ಬೇರೆ. ಈ ಮಾತ್ರೆ ಶುರು ಮಾಡೋಕೆ ಮುಂಚೆ ಅವನಿಗೆ ಒಗ್ಗುತ್ತಾ ಅಂತ ಆಸ್ಪತ್ರೇಲಿ ರಕ್ತ ಪರೀಕ್ಷೆ ಮಾಡಿದ್ರು. ಇವರಿಗೆ ಯಾರು ಮಾಡಿದ್ರು?"

"ಅಲರ್ಜಿ ಆದ್ರೆ ನುಂಗಿದ ತಕ್ಷಣ ಆಗ್ಬೇಕಲ್ವಾ?"

"ಕೆಲವರಿಗೆ ತಕ್ಷಣ. ಮೈಯೆಲ್ಲ ದದ್ದು, ತುಟಿ ಮುಖ ಊತ, ಉಸಿರು ಕಟ್ಟೋದು. ಕೆಲವರಿಗೆ ದಿನಗಳು, ವಾರಗಳು ಕಳೆದ ಮೇಲೆ. ಮೊದಲು ಜ್ವರ, ಕೆಂಪು ಕಣ್ಣು, ಬಾಯಿ ಹುಣ್ಣು. ಆಮೇಲೆ ಚರ್ಮನೇ ಸುಲಿಯುತ್ತೆ. ಎರಡೂ ಜೀವ ತೆಗೆಯಬಹುದು."

ಶೂಯಿಂಗ್ ಕೈಯಲ್ಲಿದ್ದ ನೀರಿನ ಲೋಟ ಜಾರಿತು. "ಉಳೀತಾರಾ?"

ಲ್ಯಾವ್ ಮಗಳ ಕಡೆ ತಿರುಗಿದಳು. "ಆ ಪಟ್ಟಿ ಜೊತೇಲೇ ತಗೋ ಸೂಚಿನ್," ಎಂದಳು. "ಡಾಕ್ಟ್ರಿಗೆ ಅದನ್ನೇ ಮೊದಲು ತೋರ್ಸು."

ಆಸ್ಪತ್ರೆಯಲ್ಲಿ ಫೂತ್ಯಾನನ ಬೆನ್ನಿನ ಚರ್ಮ ಹಾಳೆಹಾಳೆಯಾಗಿ ಎದ್ದುಬಂತು. ಬೆಂಕಿಯಲ್ಲಿ ಸುಟ್ಟವರನ್ನು ನೋಡಿಕೊಳ್ಳುವ ವಾರ್ಡಿನಲ್ಲೇ ಅವನನ್ನು ಮಲಗಿಸಿದರು. ಜೀವ ಉಳಿಯುವುದೋ, ಉಳಿದರೂ ದೃಷ್ಟಿ ಇರುವುದೋ ಯಾರಿಗೂ ಗೊತ್ತಿರಲಿಲ್ಲ. ಗಾಜಿನಾಚೆ ನಿಂತ ಶೂಯಿಂಗ್ ಒಂದೇ ಮಾತು ಹೇಳುತ್ತಿದ್ದಳು: "ನನ್ನ ಕೈಯಾರೆ ಕೊಟ್ಟೆನಲ್ಲೇ."

ಅವನು ಉಳಿದ. ತುಂಬ ದಿನಗಳ ಮೇಲೆ ಮನೆಗೆ ಬಂದ. ಕಣ್ಣಿಗೆ ಈಗಲೂ ಹೊತ್ತುಹೊತ್ತಿಗೆ ಹನಿ ಹಾಕಬೇಕು, ಬಿಸಿಲು ಕಂಡರೆ ಆಗದು. ಆದರೆ ಕಾಣುತ್ತದೆ. ಆ ಮಾತ್ರೆಯ ಹೆಸರು ಅವನ ಆರೋಗ್ಯ ಕಾರ್ಡಿಗೆ ಸೇರಿದೆ. ಹಲ್ಲಿನ ಡಾಕ್ಟರ ಬಳಿ ಹೋದರೂ ಶೂಯಿಂಗ್ ಮೊದಲು ಅದನ್ನೇ ಹೇಳುತ್ತಾಳೆ.

ಮೊನ್ನೆ ಆಶಿಂಗ್ ಹೂಕೋಸು ಹಿಡಿದು ಬಾಗಿಲಲ್ಲಿ ನಿಂತ. ಮುಖ ಎತ್ತಲಾರ. ಶೂಯಿಂಗ್ ಮಂಡಿ ನೀವಿಕೊಳ್ಳುವುದನ್ನು ಕಂಡು, ಹಳೆಯ ಅಭ್ಯಾಸ, ಜೇಬಿಗೆ ಕೈ ಹಾಕಿದ.

"ಹೂಕೋಸು ಕೊಡು, ಸಿಂಪಿ ತಗೊಂಡು ಹೋಗು," ಎಂದಳು ಶೂಯಿಂಗ್. "ಜೇಬಲ್ಲಿರೋದು ಅಲ್ಲೇ ಇರ್ಲಿ. ಮಂಡಿ ತೋರ್ಸೋಕೆ ನಾಳೆ ಮಗಳ ಜೊತೆ ಹೋಗ್ತಿದೀನಿ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಇನ್ನೊಬ್ಬರಿಗೆ ಬರೆದುಕೊಟ್ಟ ಮಾತ್ರೆ ಇದೆಯೇ? ಅದನ್ನು ನುಂಗಬೇಡಿ, ಯಾರಿಗೂ ಕೊಡಬೇಡಿ. ಹೊಸ ಔಷಧಿ ಶುರುವಾದ ಮೇಲೆ ಮೈಮೇಲೆ ದದ್ದು ಎದ್ದರೆ ಮುಂದಿನ ಮಾತ್ರೆಗೆ ಮುಂಚೆ ಡಾಕ್ಟರನ್ನು ಕೇಳಿ. ಉಸಿರು ಕಟ್ಟಿದರೆ, ಮುಖ ಊದಿದರೆ, ಬಾಯಲ್ಲಿ ಹುಣ್ಣೆದ್ದರೆ, ಕಣ್ಣು ಕೆಂಪಾದರೆ, ಚರ್ಮ ಉರಿದು ಗುಳ್ಳೆ ಬಂದರೆ ಕಾಯಲೇಬೇಡಿ, ಆಸ್ಪತ್ರೆಗೆ ಓಡಿ. ನುಂಗಿದ ಮಾತ್ರೆಯ ತಗಡಿನ ಪಟ್ಟಿ ಜೊತೆಗಿರಲಿ. ಒಮ್ಮೆ ಒಗ್ಗದ ಔಷಧಿಯ ಹೆಸರನ್ನು ಪ್ರತಿ ಸಲವೂ ಹೇಳಿ. ಮತ್ತೆ, ನಿಮ್ಮ ಮನೆಯ ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡುವ, ಮಾತೇ ಆಡದ ಹುಡುಗಿ ಒಂದು ದಿನ "ಕೊಡಬೇಡ" ಎಂದರೆ, ಲೋಟವನ್ನು ಕೆಳಗಿಟ್ಟು ಅವಳ ಮಾತು ಕೇಳಿ.