ಗಂಟೆ ಕೇಳಿಸದವರ ಕೋಣೆ

ಬಿಸ್ಕತ್ತಿನ ಪೊಟ್ಟಣ ತುಂಬಿ ತುಂಬಿ ಅಕ್ಕನ ಬೆರಳ ತುದಿಗಳ ಚರ್ಮ ಸುಲಿದಿತ್ತು. ಊಟದ ಗಂಟೆ ಹೊಡೆದು ಎಷ್ಟೋ ಹೊತ್ತಾದರೂ ಡಬ್ಬಿ ತೆರೆಯದೆ ತಂಗಿಗಾಗಿ ಕಾಯುತ್ತಿದ್ದಳು. ತಂಗಿ ಓಡೋಡಿ ಬಂದು ಎರಡು ತುತ್ತು ಬಾಯಿಗಿಡುವಷ್ಟರಲ್ಲಿ ಮತ್ತೆ ಗಂಟೆ.

"ದಿನಾ ಯಾಕೆ ತಡ?" ಅಕ್ಕ ಕೈಸನ್ನೆಯಲ್ಲಿ ಕೇಳಿದಳು.

"ಈಗ ತಾನೇ ದೀಪ ಹತ್ತಿತು," ಅಂದವು ತಂಗಿಯ ಕೈಗಳು.

ತಂಗಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಅಂಥ ಹೆಂಗಸರನ್ನೇ ಹುಡುಕಿ ಕಾರ್ಖಾನೆಗೆ ಸೇರಿಸಿಕೊಂಡಾಗ ಎಲ್ಲರೂ ಮ್ಯಾನೇಜರನನ್ನು ಹೊಗಳಿದ್ದೇ ಹೊಗಳಿದ್ದು. ಅವನ ನಯವಾದ ಮಾತಿಗೆ ಹೆಂಗಸರು ಇಟ್ಟ ಹೆಸರು ಬೆಣ್ಣೆ ಸಾಹೇಬ. 'ಇಲ್ಲಿ ಎಲ್ಲರೂ ಒಂದೇ' ಎಂದು ಗೇಟಿನ ಮೇಲೆ ದೊಡ್ಡದಾಗಿ ಬರೆಸಿದ. ಬರೆಸಿ, ಕಿವಿ ಕೇಳಿಸದವರನ್ನೆಲ್ಲ ಒಲೆಗಳ ಹಿಂದಿನ ಬೇರೆ ಕೋಣೆಗೆ ಹಾಕಿದ! ಅಲ್ಲಿ ಕಿಟಕಿಯಿಲ್ಲ, ಗಡಿಯಾರವಿಲ್ಲ. ಫೋನು, ವಾಚು ಗೇಟಿನಲ್ಲೇ ಕೊಟ್ಟು ಬರಬೇಕು. ಗಂಟೆ ಹೊಡೆದದ್ದು ತಿಳಿಯಲೆಂದು ಗೋಡೆಗೊಂದು ಕೆಂಪು ದೀಪ ಬೇರೆ. ಹೆತ್ತ ಮಕ್ಕಳ ಮೇಲೂ ಇಷ್ಟು ಅಕ್ಕರೆ ಇರುವುದಿಲ್ಲ ಬಿಡಿ. ಅಕ್ಕನಿಗೆ ಮೊದಲಿನಿಂದಲೂ ಈ ಅಕ್ಕರೆಯ ಮೇಲೆ ಗುಮಾನಿ.

ಮರುದಿನ ಊಟದ ಗಂಟೆಗೆ ಹೋಗಿ ಆ ಕೋಣೆಯ ಬಾಗಿಲಲ್ಲಿ ನಿಂತಳು. ಗಂಟೆ ಕಿವಿ ಕಿತ್ತುಹೋಗುವಂತೆ ಹೊಡೆದುಕೊಂಡಿತು. ದೀಪ ಹತ್ತಲಿಲ್ಲ. ಒಳಗಿದ್ದವರು ತಲೆಯೆತ್ತದೆ ಪೊಟ್ಟಣ ತುಂಬುತ್ತಲೇ ಇದ್ದರು. ಬೆಣ್ಣೆ ಸಾಹೇಬ ನಿಧಾನವಾಗಿ ಊಟ ಮುಗಿಸಿ, ಹಲ್ಲುಕಡ್ಡಿ ಕಚ್ಚಿಕೊಂಡು ಬಂದು, ಪಕ್ಕದ ತನ್ನ ಗಾಜಿನ ಕೋಣೆಯಲ್ಲಿ ಸ್ವಿಚ್ಚು ಒತ್ತಿದ. ಆಗ ಹತ್ತಿತು ದೀಪ. ಅಕ್ಕನ ಮೈಯೆಲ್ಲ ಉರಿದುಹೋಯಿತು.

"ಇದು ಮೋಸ ಅಲ್ವಾ ಸಾಹೇಬ್ರೇ?"

"ಅಷ್ಟು ದೊಡ್ಡ ಮಾತು ಯಾಕಮ್ಮಾ? ಅವರೇನಾದ್ರೂ ದೂರಿದ್ರಾ? ನಿನ್ ತಂಗಿಗೆ ಇನ್ಯಾರು ಕೆಲಸ ಕೊಡ್ತಾರೆ ಹೇಳು. ನಾಳೆ ಹೆಡ್ಡಾಫೀಸಿನೋರು ಬರ್ತಾರೆ. ಇಲ್ಲಿ ಸನ್ನೆ ಬಿಡಿಸಿ ಹೇಳೋಕೆ ಬರೋದು ನಿನಗೊಬ್ಬಳಿಗೇ. ಅವಳು ಹೇಗೆ ಕೈ ಆಡಿಸಿದ್ರೂ, 'ತುಂಬಾ ಸಂತೋಷವಾಗಿದ್ದೀವಿ' ಅಂದ್ಬಿಡು. ತಿಳೀತಾ?"

ಈ ಕೆಲಸ ಹೋದರೆ ತಂಗಿಗೆ ಮತ್ತೆ ಅಣ್ಣನ ಮನೆಯೇ ಗತಿ, ಅತ್ತಿಗೆಯ ಮುಖ ನೋಡಿ ಉಣ್ಣಬೇಕು. ಆದರೂ ಮನಸ್ಸು ತಡೆಯದೆ ಅಕ್ಕ ಮನೆಯ ದಾರಿಯಲ್ಲಿ ತಂಗಿಗೆ ಎಲ್ಲ ಹೇಳಿಬಿಟ್ಟಳು. ತಂಗಿ ನಡುಬೀದಿಯಲ್ಲೇ ನಿಂತಳು. ಊಟದ ಹೊತ್ತು ಅಷ್ಟು ಚಿಕ್ಕದೆಂದೇ ಅವಳು ಇಷ್ಟು ದಿನ ನಂಬಿದ್ದಳು.

ಮರುದಿನ ಹೆಡ್ಡಾಫೀಸಿನ ಮೇಡಂ ಕ್ಯಾಮೆರಾದವನ ಜೊತೆ ಆ ಕೋಣೆಯ ಬಾಗಿಲಿಗೆ ಬಂದಳು.

"ಇವರು ಬಂದ ಮೇಲೆ ಉತ್ಪಾದನೆ ಹೇಗೆ ಏರಿದೆ ನೋಡಿ ಮೇಡಂ," ಎಂದ ಸಾಹೇಬ. "ಊಟಕ್ಕೆ ಎಬ್ಬಿಸಿದ್ರೂ ಏಳಲ್ಲ, ಕೆಲಸ ಅಂದ್ರೆ ಅಷ್ಟು ಪ್ರೀತಿ."

"ಇಲ್ಲಿ ಹೇಗನ್ನಿಸುತ್ತಮ್ಮಾ?" ಮೇಡಂ ತಂಗಿಯನ್ನು ಕೇಳಿದಳು. ಪಕ್ಕದಲ್ಲಿ ನಿಂತಿದ್ದ ಅಕ್ಕ ಅದನ್ನು ಸನ್ನೆಯಲ್ಲಿ ಹೇಳಿದಳು.

ತಂಗಿ ಕಿವಿ ತೋರಿಸಿದಳು, ದೀಪ ತೋರಿಸಿದಳು, ಹೊಟ್ಟೆಗೆ ಹೊಡೆದುಕೊಂಡಳು. ಸಾಹೇಬ ಅಕ್ಕನನ್ನೇ ದುರುಗುಟ್ಟಿ ನೋಡಿದ. ಅಕ್ಕ ಮೇಡಂ ಕಡೆ ತಿರುಗಿದಳು.

"ನಮ್ಮ ಊಟದ ಹೊತ್ತು ಕದೀತಿದಾರೆ ಅಂತಿದಾಳೆ ಮೇಡಂ. ಗಂಟೆ ಹೊಡೆದಾಗ ದೀಪ ಹಾಕಲ್ಲ. ನಾನೂ ಕಣ್ಣಾರೆ ನೋಡಿದೀನಿ. ಉತ್ಪಾದನೆ ಏರಿದ್ದು ಹಾಗೆ."

ಮೇಡಂ ಸಾಹೇಬನ ಕಡೆ ತಿರುಗಿ, "ಇದನ್ನ ನೀವೇ ಸರಿಮಾಡ್ಕೊಳ್ಳಿ," ಎಂದಳು. ಕ್ಯಾಮೆರಾದವನಿಗೆ, "ನಗ್ತಿರೋರದ್ದೊಂದು ಫೋಟೋ ತಗೋ," ಎಂದು ಹೊರಗೆ ನಡೆದಳು.

ಸಾಹೇಬ ಹಲ್ಲು ಕಡಿದ. "ನಾಳೆಯಿಂದ ಇಬ್ರೂ ಬರಬೇಡಿ. ಉಳಿದೋರಿಗೆ ಏನೂ ಗೊತ್ತಾಗಬಾರ್ದು, ಹುಷಾರ್!"

ಅಕ್ಕ ಕೋಣೆಯ ಕಡೆ ತಿರುಗಿ ಎರಡೂ ಕೈ ಮೇಲೆತ್ತಿದಳು. ಎಲ್ಲರ ಕಣ್ಣು ಅವಳ ಬೆರಳುಗಳ ಮೇಲೆ ನಿಂತಿತು.

"ಏಯ್, ಏನೇ ಹೇಳ್ತಿದೀಯಾ ಅವರಿಗೆ?"

"ನೀವು ಹೇಳಿದ್ದನ್ನೇ ಸಾಹೇಬ್ರೇ. ಒಂದು ಮಾತೂ ಬಿಡದೆ."

ಕೊನೆಯಲ್ಲಿದ್ದ ಮುದುಕಿ ಎದ್ದು, ಬಿಸ್ಕತ್ತು ಹೊತ್ತು ತರುವ ಬೆಲ್ಟಿನ ಸ್ವಿಚ್ಚು ಆರಿಸಿದಳು. ಸಾಹೇಬ ಅದನ್ನು ಮತ್ತೆ ಹಾಕಲು ಧಾವಿಸಿದ. ಅಷ್ಟರಲ್ಲಿ ಸ್ವಿಚ್ಚಿನ ಮುಂದೆ ಹೆಂಗಸರೆಲ್ಲ ಬಂದು ನಿಂತಿದ್ದರು. ಅವನು ಬೈದ, ಕೂಗಿದ, ಕೊನೆಗೆ ಬೇಡಿಕೊಂಡ. ಒಬ್ಬರೂ ಸರಿಯಲಿಲ್ಲ.