ಜೊತೆಗೆ ಕೂತವರು: ಅಜ್ಜ

ಚನ್ನಮಲ್ಲಪ್ಪನವರು ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಬಸ್ಸು ಒಂಬತ್ತು ಹನ್ನೆರಡಕ್ಕೆ ಹೊರಟರೆ ಒಂಬತ್ತು ಹನ್ನೆರಡು ಎಂದೇ ಬರೆದವರು. ಡ್ರೈವರುಗಳು ಎಷ್ಟು ಗೋಗರೆದರೂ ಒಂದು ನಿಮಿಷ ಆಚೀಚೆ ಸರಿಸಿದವರಲ್ಲ. ಅಂಥವರು ಎಪ್ಪತ್ತನೆಯ ವಯಸ್ಸಿನಲ್ಲಿ, ಮೂಡಲಪಾಳ್ಯದ ಮನೆಯ ಹಾಲ್‌ನಲ್ಲಿ ಕೂತು, ಮೊಮ್ಮಗಳ ವಿಷಯದಲ್ಲಿ ಸುಳ್ಳು ನಿಮಿಷ ಬರೆಯುತ್ತಿದ್ದರು.

ಆ ನಿಮಿಷ ಬರೆಯುವ ಪುಸ್ತಕ ಕೊಟ್ಟು ಹೋಗಿದ್ದವಳು ರಮ್ಯ, ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಚಿಕ್ಕ ಮಕ್ಕಳು ಟೀವಿಯಲ್ಲಿ ನೋಡಿದ್ದರಲ್ಲಿ ಎಷ್ಟು ಅವರ ಮಾತಿಗೆ, ಆಟಕ್ಕೆ ಇಳಿಯುತ್ತದೆ ಎಂಬುದು ಅವಳ ಅಧ್ಯಯನ. ಅದಕ್ಕೆ ನಲವತ್ತು ಮನೆ ಆರಿಸಿಕೊಂಡಿದ್ದಳು. ದಿನಾ ಬರೆಯಬೇಕಾದದ್ದು ಇಷ್ಟು: ಯಾವ ಕಾರ್ಟೂನು, ಎಷ್ಟು ನಿಮಿಷ, ಜೊತೆಗೆ ಕೂತವರು ಯಾರು, ಆಮೇಲೆ ಮಗು ಏನು ಆಡಿತು. ಸೊಸೆ ಹೇಮಶ್ರೀ ಆ ಪುಸ್ತಕವನ್ನು ಮಾವನ ಕೈಗೇ ಇಟ್ಟಿದ್ದಳು. "ಮಾವ, ನಿಮ್ಮಷ್ಟು ಕರೆಕ್ಟಾಗಿ ಈ ಮನೇಲಿ ಯಾರೂ ಬರೆಯಲ್ಲ."

ಮೊದಲ ಎರಡು ವಾರ ಬರೆದದ್ದೆಲ್ಲ ನಿಜವೇ. ಆಮೇಲೆ ಹೆಂಡತಿ ಜಯದೇವಿ ತಂಗಿಯ ಮಗಳ ಬಾಣಂತನಕ್ಕೆಂದು ರಾಣೆಬೆನ್ನೂರಿಗೆ ಹೋದರು. ಮಗ, ಸೊಸೆ ಇಬ್ಬರೂ ಆಫೀಸಿಗೆ. ನಾಲ್ಕೂವರೆ ವರ್ಷದ ಅನಘಾ ಹನ್ನೆರಡೂವರೆಗೆ ಎಲ್‌ಕೆಜಿ ಮುಗಿಸಿ ಬಂದರೆ ಮನೆಯಲ್ಲಿ ಅಜ್ಜ ಒಬ್ಬರೇ. ಊಟ ಮಾಡಿಸಿ, ಕಾರ್ಟೂನು ಹಾಕಿ, ಪಕ್ಕದಲ್ಲಿ ಕೂರುತ್ತಿದ್ದರು. ಹೊಟ್ಟೆಗೆ ಬಿದ್ದ ಅನ್ನ ಕಣ್ಣಿಗೆ ಏರುತ್ತಿತ್ತು. ಎಚ್ಚರವಾಗುವಾಗ ಗಂಟೆ ಮೂರೂವರೆ. ಟೀವಿಯಲ್ಲಿ ಮೊಲ ಇನ್ನೂ ಕುಣಿಯುತ್ತಲೇ ಇರುತ್ತಿತ್ತು. 'ಮೂವತ್ತು ನಿಮಿಷ. ಜೊತೆಗೆ ಕೂತವರು: ಅಜ್ಜ' ಎಂದು ಬರೆದುಬಿಡುತ್ತಿದ್ದರು. ಕೂತದ್ದಂತೂ ಹೌದಲ್ಲ ಎಂದು ತಮಗೆ ತಾವೇ ಹೇಳಿಕೊಂಡರು.

ಗುರುವಾರ ಸ್ಕೂಲಿನಿಂದ ಚೀಟಿ ಬಂತು, ಇಂಗ್ಲಿಷಿನಲ್ಲಿ. ಸಂಜೆ ಬ್ಯಾಗು ಬಿಚ್ಚಿದ ಹೇಮಶ್ರೀ ಅದನ್ನು ಓದಿ, ನಿಂತಲ್ಲೇ ಕೂತಳು.

"ಅನಘಾ ಇವತ್ತು ಉಮಾಶ್ರೀಗೆ ಕಣ್ಣು ಸುಡ್ತೀನಿ ಅಂದ್ಲಂತೆ ಮಾವ. ಮುಷ್ಟಿ ಕಟ್ಟಿ ಆ ಮಗು ಮುಖದ ಮುಂದೆ ಬೀಸಿದ್ಲಂತೆ. ಆಮೇಲೆ ಮೂರು ಸಲ ಉಗುಳಿದ್ಲಂತೆ. ಮನೇಲಿ ಟೀವಿಲಿ ಏನು ನೋಡ್ತಾಳೆ, ಗಮನ ಕೊಡಿ ಅಂತ ಬರೆದಿದಾರೆ."

"ಉಮಾಶ್ರೀ ಇವಳ ಜೀವದ ಗೆಳತಿ ಅಲ್ವೇನವ್ವಾ?"

"ಅದಕ್ಕೇ ಭಯ ಆಗ್ತಿರೋದು. ಯಾಕೇ ಹಾಗೆ ಮಾಡ್ದೆ? ಹೇಳೇ!"

ಅನಘಾ ತುಟಿ ಉಬ್ಬಿಸಿಕೊಂಡು ಅಜ್ಜನ ಪಂಚೆಯ ಹಿಂದೆ ಅಡಗಿದಳು.

"ಅರ್ಧ ಗಂಟೆ ನೋಡಿದ್ರೇ ಹೀಗಾ?" ಎಂದಳು ಹೇಮಶ್ರೀ. ಆಮೇಲೆ ದನಿ ತಗ್ಗಿಸಿ, "ಚಂದ್ರಾ ಲೇಔಟಲ್ಲಿ ಒಂದು ಡೇ ಕೇರ್ ಇದೆ ಮಾವ. ಸಂಜೆ ಆರರವರೆಗೂ ನೋಡ್ಕೋತಾರೆ, ಟೀವಿ ಇಲ್ವಂತೆ. ಸೋಮವಾರದಿಂದ ಅಲ್ಲಿಗೇ ಬಿಡ್ತೀನಿ. ನಿಮಗೂ ರೆಸ್ಟ್ ಸಿಗುತ್ತೆ" ಎಂದಳು.

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಇಷ್ಟು ಮರ್ಯಾದೆಯಿಂದ ಹೇಳಿದ್ದೇ ಅವರ ಎದೆಗೆ ನಾಟಿತು. ಮೊಮ್ಮಗಳ ಜೊತೆಗಿನ ಮಧ್ಯಾಹ್ನಗಳು ಹೋಗುತ್ತವೆ, ಹೋಗಲಿ. ಆದರೆ ಮಗು ಕೆಟ್ಟಿದ್ದು ತಾನು ಕಣ್ಣು ಮುಚ್ಚಿದ ಎರಡೂವರೆ ಗಂಟೆಯಲ್ಲಿ, ಅದನ್ನು ಬಲ್ಲವನು ತಾನೊಬ್ಬನೇ.

ಮರುದಿನ ಬೆಳಿಗ್ಗೆ ವಿಭೂತಿ ಧರಿಸಿ ಪೂಜೆಗೆ ಕೂತರು. ಅಂಗೈಯ ಲಿಂಗದ ಮೇಲೆ ದೃಷ್ಟಿ ನಿಲ್ಲಲಿಲ್ಲ. ಹುಡುಗನಾಗಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು ಕೇಳಿ ಬಾಯಿಪಾಠವಾದ ವಚನ ಅರ್ಧಕ್ಕೇ ನಿಂತಿತು, ಮುಂದಿನ ಸಾಲು ನೆನಪಿಗೇ ಬರಲಿಲ್ಲ. ಅರವತ್ತು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು.

ಶನಿವಾರ ಪುಸ್ತಕ ಒಯ್ಯಲು ರಮ್ಯ ಬಂದಳು. ಹೇಮಶ್ರೀ ಚೀಟಿಯ ವಿಷಯವನ್ನೆಲ್ಲ ಹೇಳಿದಳು. ರಮ್ಯ ಪುಸ್ತಕ ತೆರೆಯುವ ಮೊದಲೇ ಚನ್ನಮಲ್ಲಪ್ಪನವರು ಅದರ ಮೇಲೆ ಕೈಯಿಟ್ಟರು.

"ತಾಯೀ, ಈ ಕೊನೇ ಹತ್ತು ದಿನದ್ದು ಸುಳ್ಳು. ಮೂವತ್ತು ನಿಮಿಷ ಅಲ್ಲ, ಎರಡು, ಎರಡೂವರೆ ತಾಸು. ನಾ ಕೂತಿದ್ದೆ, ಆದರೆ ನಿದ್ದೆ ಮಾಡ್ತಿದ್ದೆ. ಏನು ನೋಡಿದ್ಲೋ, ಯಾವುದು ಬಂತೋ, ನನಗೆ ಗೊತ್ತಿಲ್ಲ. ತಪ್ಪಾಯ್ತು."

ಸೊಸೆಯ ಕಡೆ ನೋಡುವ ಧೈರ್ಯ ಅವರಿಗಿರಲಿಲ್ಲ. ರಮ್ಯ ಮಾತ್ರ ಪಕ್ಕನೆ ನಕ್ಕಳು.

"ಸಾರ್, ನಲವತ್ತು ಮನೇಲೂ ಮೂವತ್ತೇ ನಿಮಿಷ ಬರೆದಿದಾರೆ! ನಿಜ ಹೇಳಿದ ಅಜ್ಜ ನೀವೊಬ್ಬರೇ. ನಂಗೆ ಈ ಪುಸ್ತಕ ಈಗ ಚಿನ್ನ." ಪುಟ ತಿರುಗಿಸಿದಳು. "ಯಾವಾಗ್ಲೂ ಇದೇ ಚಾನೆಲ್ಲಾ? ರಿಮೋಟ್ ಮುಟ್ತಾಳಾ?"

"ರಿಮೋಟು ನನ್ನ ಕೈ ಕೆಳಗೇ ಇರ್ತಿತ್ತು."

"ಹಾಗಿದ್ರೆ ಇಲ್ಲಿ ಸುಡೋದು, ಉಗುಳೋದು ಎಲ್ಲಿಂದ ಬಂತು? ಈ ಚಾನೆಲ್ಲಿನ ಒಂದೊಂದು ಎಪಿಸೋಡೂ ನೋಡಿದೀನಿ ಸಾರ್, ನನ್ನ ಕರ್ಮ." ಅವಳು ಸೋಫಾದಿಂದ ಇಳಿದು ನೆಲದ ಮೇಲೆ ಅನಘಾಳ ಎದುರಿಗೆ ಕೂತಳು. "ಏ ಪುಟ್ಟೀ, ಉಮಾಶ್ರೀ ಜೊತೆ ಒಂದು ಆಟ ಆಡಿದ್ಯಂತಲ್ಲ. ನಂಗೂ ಆಡ್ಸು."

ಅನಘಾ ಅನುಮಾನದಿಂದ ನೋಡಿದಳು. "ನಿಂಗೆ ಜ್ವರ ಇದ್ಯಾ?"

"ಇಲ್ವಲ್ಲ."

"ಹಂಗಾದ್ರೆ ಆಗಲ್ಲ. ಉಮಾಶ್ರೀಗೆ ಇತ್ತು."

"ಸ್ವಲ್ಪ ಇದೆ ಕಣೇ. ಬೆಳಿಗ್ಗೆಯಿಂದ."

ಅನಘಾ ಎದ್ದು ಹೋಗಿ ಡಬ್ಬಿಯಿಂದ ಮೂರು ಕೆಂಪು ಕ್ರೇಯಾನ್ ಆರಿಸಿ ತಂದಳು. ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಕಾಲು ಅಗಲಿಸಿ ನಿಂತು, ರಮ್ಯಳ ಮುಖದ ಸುತ್ತ ನಿಧಾನವಾಗಿ ತಿರುಗಿಸತೊಡಗಿದಳು. ದನಿಯೂ ಬೇರೆಯಾಯಿತು, ಮಾತೂ ಬೇರೆಯಾಯಿತು.

"ಹೋದೋರ ಕಣ್ಣು, ಬಂದೋರ ಕಣ್ಣು, ಓಣ್ಯಾಗಿನೋರ ಕಣ್ಣು, ಎಲ್ಲಾರ ಕಣ್ಣೂ ಸುಟ್ಟು ಹೋಗ್ಲಿ! ಥೂ! ಥೂ! ಥೂ!"

ಚನ್ನಮಲ್ಲಪ್ಪನವರಿಗೆ ರೋಮಾಂಚನವಾಯಿತು. ಅದು ಜಯದೇವಿಯ ದನಿಯೇ! ಮಗುವಿಗೆ ಮೈ ಬೆಚ್ಚಗಾದಾಗಲೆಲ್ಲ ಅಜ್ಜಿ ಉಪ್ಪು, ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯುತ್ತಿದ್ದುದು ಹೀಗೆಯೇ.

"ಈಗ ಇದನ್ನ ಒಲೆಗೆ ಹಾಕ್ಬೇಕು," ಎಂದಳು ಅನಘಾ. "ಸ್ಕೂಲಲ್ಲಿ ಒಲೇನೇ ಇಲ್ಲ. ಕೇಳಿದ್ದಕ್ಕೆ ಮಿಸ್ ಬೈದ್ರು."

ಹೇಮಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ, ಎರಡೂ ಇತ್ತು. ಕನ್ನಡದಲ್ಲಿ ಹಾರೈಕೆಯಾಗಿದ್ದ ಮಾತು ಇಂಗ್ಲಿಷಿಗೆ ಹೋಗಿ ಬರುವಷ್ಟರಲ್ಲಿ ಬೆದರಿಕೆಯಾಗಿತ್ತು.

"ಎಲ್ಲಿಂದ ಕಲಿತಳು ಅನ್ನೋ ಕಡೆ ಟೀವಿ ಇದೆ, ಫೋನ್ ಇದೆ, ಗೆಳೆಯರು ಇದೆ," ರಮ್ಯ ತನ್ನ ಫಾರ್ಮು ತಿರುವಿದಳು. "ಅಜ್ಜಿ ಇಲ್ಲ ನೋಡಿ." ಅಂಚಿನಲ್ಲೇ ಬರೆದುಕೊಂಡಳು. "ಆದ್ರೂ ಸಾರ್, ಎರಡೂವರೆ ಗಂಟೆ ಜಾಸ್ತಿನೇ. ಅದು ಬೇರೆ ವಿಷಯ."

"ಹೌದು ತಾಯಿ. ಒಪ್ಪಿದೆ."

ಹೇಮಶ್ರೀ ಅಲ್ಲೇ ನಿಂತು ಡೇ ಕೇರಿಗೆ ಫೋನ್ ಮಾಡಿ, ಸೋಮವಾರ ಬರುವುದಿಲ್ಲ ಎಂದಳು. ಆಮೇಲೆ ಮಾವನ ಕಡೆ ತಿರುಗಿದಳು. "ನಿದ್ದೆ ಬಂದ್ರೆ ಟೀವಿ ಆರಿಸಿ, ಇವಳನ್ನೂ ಪಕ್ಕದಲ್ಲೇ ಮಲಗಿಸಿಕೊಳ್ಳಿ."

"ಇವಳು ಮಲಗ್ತಾಳೇನವ್ವಾ?"

"ಮಲಗಲ್ಲ. ನಿಮ್ಮನ್ನೂ ಮಲಗೋಕೆ ಬಿಡಲ್ಲ."

ಸ್ಪೀಕರ್ ಹಾಕಿ ರಾಣೆಬೆನ್ನೂರಿಗೆ ವಿಷಯ ತಿಳಿಸಿದಾಗ ಜಯದೇವಿ ಹೌಹಾರಿದರು. "ಉಪ್ಪು ಹಿಡಿಲಿಲ್ಲೇನ ಕೂಸು? ಬರೇ ಮೆಣಸಿನಕಾಯಿಗೆ ಎಲ್ಲಿ ಹೋಗ್ತೈತಿ ದೃಷ್ಟಿ!"

"ಮೆಣಸಿನಕಾಯಿನೂ ಅಲ್ಲ ಮಾರಾಯ್ತಿ, ಬಣ್ಣದ ಕಡ್ಡಿ!"

ಹತ್ತು ದಿನದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದದ್ದು ಒಮ್ಮೆಗೇ ಸಡಿಲಿ, ಚನ್ನಮಲ್ಲಪ್ಪನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಜ್ಜ ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಅನಘಾ ಅವರ ತೊಡೆ ಹತ್ತಿ ಕೂತಳು.